ಮೊದಲು ಕೂತವಳ ಸಂಖ್ಯೆ

ನೌಶೀನ್ ಒದ್ದೆ ಬಟ್ಟೆ ಹಿಂಡಿ, ಏಳು ಕೀಬೋರ್ಡ್‌ಗಳನ್ನೂ ಒಂದೊಂದಾಗಿ ಒರೆಸಿದಳು. ಮಣಿಪಾಲದ ಆ ಮುದ್ರಣಾಲಯಕ್ಕೆ ಎಲ್ಲರಿಗಿಂತ ಮೊದಲು ಬರುವವಳು ಅವಳೇ. ಎಂಟನೇ ತರಗತಿಗೆ ಶಾಲೆ ಬಿಟ್ಟ ಹೂಡೆ ಊರಿನ ಹುಡುಗಿಗೆ ಟೈಪಿಂಗ್ ಕಲಿಸಿ ಕುರ್ಚಿ ಕೊಟ್ಟ ಜಾಗವದು.

ಒರೆಸಿ ಮುಗಿಸಿ, ತನ್ನ ಕಂಪ್ಯೂಟರಿನಲ್ಲಿ ಹೆಸರು, ಪಾಸ್‌ವರ್ಡ್ ಹಾಕಿದಳು. ಆ ಸೋಮವಾರ ಅವಳು ಮಾಡಿದ್ದು ಇಷ್ಟೇ.

ಹತ್ತು ಗಂಟೆಗೆ ಮ್ಯಾನೇಜರ್ ಮನೋರಮಾ ಅವಳ ಹಿಂದೆ ಬಂದು ನಿಂತರು.

"ಕಾರ್ಕಳದ ಕಾಲೇಜಿನ ಪ್ರಶ್ನೆಪತ್ರಿಕೆಗಳ ಫೋಲ್ಡರ್ ನನಗೇ ತೆರೆಯುವುದಿಲ್ಲ. ಯಾರದ್ದು ಅಂತ ನೋಡಿದರೆ ನಿನ್ನ ಹೆಸರುಂಟು. ಇದೆಂತ ನೌಶೀನ್?"

"ನನಗೆ ಗೊತ್ತಿಲ್ಲ ಮೇಡಂ..."

ಪಕ್ಕದ ಕುರ್ಚಿಯ ಲಿಯೋನೆಲ್ ನಕ್ಕ. "ಇವತ್ತಿನಿಂದ ಇವಳೇ ಮ್ಯಾನೇಜರ್ ಮಾರಾಯ್ರೆ. ನಾವು ಎದ್ದು ನಿಲ್ಲಬೇಕಾ?"

ಮನೋರಮಾ ನಗಲಿಲ್ಲ. "ಮೂರು ಗಂಟೆಗೆ ಮಾಲೀಕರು ಅಲೆಕ್ಸಾಂಡರ್ ಸರ್ ಬರುತ್ತಾರೆ. ಪ್ರಶ್ನೆಪತ್ರಿಕೆ ಯಾರಿಗೆ ಕೊಡಲಿಕ್ಕೆ ತೆಗೆದೆ ಅಂತ ಅವರಿಗೇ ಹೇಳು."

ನೌಶೀನ್ ಸುಹೈಲ್‌ನತ್ತ ನೋಡಿದಳು. ಕಾಪುವಿನ ಸುಹೈಲ್, ಎಲ್ಲರ ಫೈಲುಗಳಿರುವ ಸರ್ವರ್ ನೋಡಿಕೊಳ್ಳುವವನು. ಎರಡು ವರ್ಷಗಳಿಂದ ಪ್ರತಿ ಸಂಜೆ ಉಡುಪಿಯವರೆಗೆ ಒಂದೇ ಬಸ್ಸಿನಲ್ಲಿ, ಅವಳಿಗಿಂತ ಎರಡು ಸೀಟು ಹಿಂದೆ ಕೂತು ಬರುವವನು.

ಅವನು ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಅವನು ಮೆಲ್ಲಗೆ ಹೇಳಿದ.

"ನಮ್ಮ ಕಂಪ್ಯೂಟರುಗಳ ವಿಂಡೋಸ್ ನಮ್ಮನ್ನೆಲ್ಲ ಒಂದೊಂದು ಉದ್ದದ ಗುರುತಿನಿಂದ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ನಡೆಯುವ ಸರ್ವರಿಗೆ ಆಳಿಗೊಂದು, ಗುಂಪಿಗೊಂದು ಸಣ್ಣ ಸಂಖ್ಯೆ ಸಾಕು. ಯಾವ ಗುರುತಿಗೆ ಯಾವ ಸಂಖ್ಯೆ ಅಂತ ಬರೆದಿಟ್ಟ ಒಂದು ಫೈಲ್ ಇತ್ತು. ನಿನ್ನೆ ಸರ್ವರ್ ಹೊಸದಾಗಿ ಹಾಕುವಾಗ... ಅದನ್ನು ತೆಗೆದಿಡಲು ಮರೆತೆ."

"ಅದಕ್ಕೆ?"

"ಆ ಫೈಲ್ ಇಲ್ಲದಿದ್ದರೆ ಸರ್ವರ್ ಸಂಖ್ಯೆಗಳನ್ನು ಹೊಸದಾಗಿ ಹಂಚುತ್ತದೆ, ಮೊದಲು ಬಂದವರಿಗೆ ಮೊದಲ ಸಂಖ್ಯೆ. ಹಿಂದೆ, ಸರ್ವರ್ ಶುರುವಾದ ದಿನ, ಮೊದಲು ಕೂತದ್ದು ಮೇಡಂ. ಇವತ್ತು ನೀನು. ಫೈಲುಗಳ ಮೇಲಿರುವುದು ಸಂಖ್ಯೆ ಮಾತ್ರ, ಹೆಸರಲ್ಲ. ಹಾಗಾಗಿ ಅವರದ್ದೆಲ್ಲ ನಿನ್ನದಾಯಿತು."

ಹಾಗಾದರೆ ನಾನು ಕಳ್ಳಿಯಲ್ಲ... ನೌಶೀನ್ ಬಾಗಿಲಿಗೆ ಒಂದು ಹೆಜ್ಜೆ ಹತ್ತಿರ ಬಂದಳು.

"ಇದನ್ನೇ ಹೇಳಿ. ಎರಡು ಮಾತು."

"ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಈ ತಿಂಗಳು ಅನುಭವ ಪತ್ರ ಸಿಕ್ಕಿದರೆ ಕತಾರಿನ ವೀಸಾ. ಆಮೇಲೇ ಅಲ್ವಾ ಹೆಣ್ಣು ಕೇಳಲಿಕ್ಕೆ ಉಮ್ಮನನ್ನು ನಿನ್ನ ಮನೆಗೆ ಕಳುಹಿಸುವುದು? ನಮಗೋಸ್ಕರವೇ ನೌಶೀನ್..."

"ಪ್ರಶ್ನೆಪತ್ರಿಕೆ ಕದ್ದವಳನ್ನು ಸೊಸೆಯಾಗಿ ಕೇಳಲಿಕ್ಕೆ ನಿಮ್ಮ ಉಮ್ಮ ಬರುತ್ತಾರಾ?"

ಅವನು ಬಾಗಿಲ ಚಿಲಕವನ್ನು ತಿರುಗಿಸುತ್ತ ನಿಂತ. "ಸಂಖ್ಯೆಗಳನ್ನು ಸರಿ ಮಾಡಿಯಾಯಿತು. ಮೇಡಂ ಫೋಲ್ಡರ್ ಈಗ ತೆರೆಯುತ್ತದೆ."

ತನ್ನ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನೂ ಅವನು ಅಳಿಸಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು. ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಸುಲಭವಿತ್ತು...

ಮೂರು ಗಂಟೆಗೆ ಮಾಲೀಕರ ಕೋಣೆಯಲ್ಲಿ ಅಲೆಕ್ಸಾಂಡರ್, ಮನೋರಮಾ, ಸುಹೈಲ್, ನೌಶೀನ್ ನಾಲ್ವರೂ ಇದ್ದರು.

"ಸುಹೈಲ್, ತಪ್ಪು ಸರ್ವರಿನದ್ದಾ, ಇವಳದ್ದಾ?" ಅಲೆಕ್ಸಾಂಡರ್ ಕೇಳಿದರು.

"ಸರ್ವರ್ ಸರಿ ಉಂಟು ಸರ್."

ಅದು ಸುಳ್ಳೂ ಅಲ್ಲ. ಈಗ ಎಲ್ಲವೂ ಸರಿಯಿತ್ತು.

ಮನೋರಮಾ ನಿಟ್ಟುಸಿರಿಟ್ಟರು. "ನಾಳೆಯಿಂದ ಬರುವುದು ಬೇಡ ನೌಶೀನ್."

ಎರಡು ವರ್ಷಗಳಲ್ಲಿ ಮೊದಲ ಸಲ ಅವಳು ಜನರೆದುರು ಅವನನ್ನು ಹೆಸರು ಹಿಡಿದು ಕರೆದಳು.

"ಸುಹೈಲ್... ಊಟದ ಹೊತ್ತಿಗೆ ನನಗೆ ಹೇಳಿದ್ದನ್ನು ಇವರಿಗೂ ಹೇಳಿ."

ಅವನು ನೆಲ ನೋಡುತ್ತಿದ್ದ. ಮಾಲೀಕರು ಅವನನ್ನು ನೋಡಿದರು, ಮನೋರಮಾ ಕಾಗದಗಳನ್ನು ಜೋಡಿಸತೊಡಗಿದರು.

"ಹೇಳಿ ಸುಹೈಲ್."