ಇರಲಿಯೋ, ವಾಪಸ್ಸೋ?

“ವಾಪಸ್,” ಎಂದ ಕನ್ನಡಕದ ಅಂಗಡಿಯವನು.

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇರುವ ಸಾಮಾನಿನಲ್ಲೇ, ಒಂದು ಹೊಸ ಕುರ್ಚಿಯನ್ನೂ ಕೊಳ್ಳದೆ, ಮನೆಯ ಮುಖ ಬದಲಿಸಿಕೊಡುವುದು ನಾಲ್ಕು ವರ್ಷದಿಂದ ಅವಳ ಕೆಲಸ. ಅದಕ್ಕೆ ಮೊದಲು ನಾಟಕದ ಕಂಪನಿಯೊಂದರಲ್ಲಿ ರಂಗಸಜ್ಜಿಕೆ ನೋಡಿಕೊಳ್ಳುತ್ತಿದ್ದಳು. ಕಂಪನಿ ಮುಚ್ಚಿತು, ಅಲ್ಲಿಯ ಅಭ್ಯಾಸವೊಂದು ಮಾತ್ರ ಇವಳ ಜೊತೆ ಬಂತು. ಯಾವ ಸಾಮಾನನ್ನೇ ಆಗಲಿ, ಎತ್ತುವ ಮೊದಲು ಅದರ ಕಾಲಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುವುದು. ಒಂದು ವಾರ ಆ ಗುರುತನ್ನು ಯಾರೂ ಒರೆಸುವಂತಿಲ್ಲ. ವಾರ ಕಳೆದ ಮೇಲೆ ಬಂದು ಒಂದೇ ಪ್ರಶ್ನೆ ಕೇಳುತ್ತಾಳೆ: ಇರಲಿಯೋ, ವಾಪಸ್ಸೋ? ಇರಲಿ ಎಂದರೆ ಒದ್ದೆ ಬಟ್ಟೆಯಲ್ಲಿ ಗುರುತು ಒರೆಸಿ ಹೊರಡುತ್ತಾಳೆ. ವಾಪಸ್ ಎಂದರೆ ಎಲ್ಲವನ್ನೂ ಮೊದಲಿದ್ದ ಜಾಗಕ್ಕೇ ಇಟ್ಟುಕೊಡಬೇಕು.

ಜನ ಅವಳನ್ನು ಸೀಮೆಸುಣ್ಣದ ಮೇಡಂ ಎಂದೇ ಕರೆಯುತ್ತಿದ್ದರು. ಇಲ್ಲಿಯವರೆಗೆ ಒಬ್ಬರೂ ವಾಪಸ್ ಎಂದಿರಲಿಲ್ಲ.

“ಯಾವ್ದು ಹಿಡಿಸ್ಲಿಲ್ಲ ಹೇಳಿ ಸಾರ್. ಅದನ್ನಷ್ಟೇ ಬದಲಾಯಿಸ್ತೀನಿ.”

“ಹಿಡಿಸ್ಲಿಲ್ಲ ಅಂತಲ್ಲ...” ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಗಾಜು ಮೊದಲೇ ಫಳಫಳ ಎನ್ನುತ್ತಿತ್ತು. “ಇನ್ನೊಂದು ಥರ ಇಟ್ಟು ನೋಡೋಣ ಅಂತ.”

“ಅಯ್ಯೋ, ನನ್ನ ಕಿಟಕಿ!” ಎಂದರು ಅವನ ಚಿಕ್ಕಮ್ಮ. ಅವನನ್ನು ಸಾಕಿ ಬೆಳೆಸಿದವರು ಅವರೇ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಗೋಡೆ ನೋಡಿಕೊಂಡು ಸ್ಟಾಂಪು ಮಾರಿದ್ದ ಅವರ ಕುರ್ಚಿಯನ್ನು ಸೀಮೆಸುಣ್ಣದ ಮೇಡಂ ಕಿಟಕಿಯ ಪಕ್ಕಕ್ಕೆ ತಂದಿದ್ದಳು. ಒಂದು ವಾರದಲ್ಲೇ ಅವರಿಗೆ ಬೀದಿಯ ಸಮಾಚಾರವೆಲ್ಲ ಬಾಯಿಪಾಠವಾಗಿತ್ತು. “ಏನೋ ಪುಟ್ಟ, ನಿನ್ನ ತಲೆ ನೆಟ್ಟಗಿದೆಯಾ?”

ಮೂವತ್ತೇಳರ ಪುಟ್ಟ ನೆಲ ನೋಡಿದ.

ಅವಳು ಹಾಲ್‌ನ ಸುತ್ತ ಕಣ್ಣಾಡಿಸಿದಳು. ಮೊದಲ ಭಾನುವಾರ ಬಂದಾಗ ಸೋಫಾ, ಕುರ್ಚಿ, ಕಪಾಟು ಎಲ್ಲವೂ ಗೋಡೆಗೆ ಬೆನ್ನೊತ್ತಿ, ಡಾಕ್ಟರಿಗೆ ಕಾದು ಕೂತವರ ಹಾಗೆ ಸಾಲಾಗಿದ್ದವು. ಸೋಫಾವನ್ನು ಗೋಡೆ ಬಿಡಿಸಿ ಕಿಟಕಿಯ ಕಡೆಗೆ ತಿರುಗಿಸಿದ್ದಳು. ಮಾಸಿದ ಅದರ ಕವರನ್ನು ಬಕೆಟ್ಟಿನಲ್ಲಿ ಕಡುನೀಲಿ ಬಣ್ಣಕ್ಕೆ ಅದ್ದಿ ಒಣಗಿಸಿದ್ದಳು. ಮಲಗುವ ಕೋಣೆಯ ಬಾಗಿಲ ಹಿಂದೆ ಅಡಗಿದ್ದ ಪುಸ್ತಕದ ಕಪಾಟು ಹಾಲಿಗೆ ಬಂದಿತ್ತು. ಪರದೆಯ ಸರಳನ್ನು ಒಂದು ಮೊಳ ಮೇಲೇರಿಸಿದ್ದಕ್ಕೇ ಮನೆಯ ಎತ್ತರ ಹೆಚ್ಚಿದಂತಿತ್ತು. ನಡುಮನೆಯ ಕತ್ತಲಲ್ಲಿದ್ದ ಕನ್ನಡಿ ಕಿಟಕಿಯ ಎದುರು ಬಂದು ಬೆಳಕನ್ನು ಒಳಗೆ ಎಸೆಯುತ್ತಿತ್ತು. ಚೆನ್ನಾಗೇ ಇತ್ತು. ಆದರೂ ಅವಳು ತೋಳೇರಿಸಿದಳು.

“ಸರಿ. ಸೋಫಾದ ಆ ತುದಿ ಎತ್ತಿ.”

ಅವನು ಎತ್ತಿದ.

“ಸೋಫಾನ ನೋಡಿ ಸಾರ್, ನನ್ನನ್ನಲ್ಲ. ಕಾಲಿನ ಮೇಲೆ ಬಿದ್ದೀತು.”

ಅವನ ಕಿವಿ ಕೆಂಪಾಯಿತು. ಇಂಥ ಕೆಂಪು ಕಿವಿ ಅವಳು ನೋಡದೆ ಎಷ್ಟು ವರ್ಷವಾಯಿತೋ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು.

ಎಲ್ಲವನ್ನೂ ಹೊಸ ರೀತಿಯಲ್ಲಿ ಇಡುವ ಮೊದಲು ಅವಳು ತನ್ನ ಸ್ಟೂಲಿನ ಮೇಲೆ ಸುಮ್ಮನೆ ಕೂತಳು. ನಾಟಕದ ಕಂಪನಿಯಿಂದ ತಂದ, ಹತ್ತು ಬಣ್ಣದ ಕಲೆಯಿದ್ದ ನಾಲ್ಕು ಕಾಲಿನ ಸ್ಟೂಲು. ಕೆಲಸ ಮುಗಿಯುವವರೆಗೆ ಅದು ಕೆಲಸದ ಮನೆಯಲ್ಲೇ, ಮೊದಲ ದಿನ ಇಟ್ಟ ಜಾಗದಲ್ಲೇ ಇರುತ್ತಿತ್ತು. ಅದರ ಮೇಲೆ ಕೂತು ಬೆಳಕು ಎಲ್ಲಿ ಬೀಳುತ್ತದೆ, ಮನೆಯವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿದ ಮೇಲೆಯೇ ಅವಳು ಸಾಮಾನು ಮುಟ್ಟುವುದು.

“ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ,” ಎಂದ ಅವನು. “ಹೋದ ವಾರದಿಂದ ನೋಡ್ತಿದ್ದೀನಿ.”

“ಹೋದ ವಾರದಿಂದಾನಾ?”

“ಅಂದ್ರೆ... ನನ್ನ ಕೆಲಸಾನೇ ಅದಲ್ವಾ. ಕಣ್ಣು ಅಲ್ಲಿಗೇ ಹೋಗುತ್ತೆ.”

ಅವನು ಬಿಸಿನೀರು ತಂದು, ಕನ್ನಡಕದ ಕಡ್ಡಿಯನ್ನು ಅದರಲ್ಲಿ ಅದ್ದಿ, ಮೆಲ್ಲಗೆ ಬಾಗಿಸಿ, ಒರೆಸಿ ಅವಳ ಮುಖಕ್ಕೆ ತೊಡಿಸಿದ. ಬೆರಳ ತುದಿ ಕಿವಿಯ ಹಿಂದೆ ಒಂದು ಕ್ಷಣ ತಗುಲಿತು. ಇಷ್ಟು ಹೊತ್ತು ಮಸುಕಾಗಿದ್ದ ಅವನ ಮುಖ ತಟ್ಟನೆ ರೆಪ್ಪೆ ರೆಪ್ಪೆಯಾಗಿ ಕಂಡಿತು, ತೀರಾ ಹತ್ತಿರದಲ್ಲಿ.

“ಈಗ ಹೇಗಿದೆ?”

“ಪರ್ವಾಗಿಲ್ಲ.”

“ಈಗ?”

“ನೀವು ಏನೂ ಬದಲಾಯಿಸಿಲ್ವಲ್ಲ ಸಾರ್.”

“ಅಂಗಡೀಲಿ ದಿನಾ ನೂರು ಜನಕ್ಕೆ ಹೀಗೇ ಕೇಳಿ ಕೇಳಿ ಅಭ್ಯಾಸ ಆಗಿದೆ,” ಎಂದ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತ.

ಚಿಕ್ಕಮ್ಮ ಕೆಮ್ಮಿದರು. ಅವರಿಗೆ ಕೆಮ್ಮೇನೂ ಇರಲಿಲ್ಲ.

ಆ ವಾರ ಅವಳಿಗೊಂದು ಫೋನು ಬಂತು. ದೊಡ್ಡ ಫರ್ನಿಚರ್ ಶೋರೂಮಿನವರು. ತಿಂಗಳ ಸಂಬಳ, ಏಸಿ ಕೋಣೆ. ಬಂದವರಿಗೆಲ್ಲ ಹಳೆಯದನ್ನು ಎಸೆದು ಹೊಸದನ್ನು ಕೊಳ್ಳಿ ಎಂದು ಹೇಳಬೇಕು, ಅಷ್ಟೇ. ಹಿಂದೆ ಎರಡು ಸಲ ಕೇಳಿದಾಗಲೂ ನಕ್ಕು ಬೇಡ ಎಂದಿದ್ದಳು. ಈ ಸಲ ನಗು ಬರಲಿಲ್ಲ. ವಾಪಸ್ ಎಂಬ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಹೆಜ್ಜೆ ಹೆಜ್ಜೆಗೂ ಒತ್ತುತ್ತಿತ್ತು. ತನ್ನ ಕಣ್ಣೇ ಮಂಜಾಯಿತೇ? ಇಷ್ಟು ದಿನ ಇರಲಿ ಎಂದವರೆಲ್ಲ ದಾಕ್ಷಿಣ್ಯಕ್ಕೆ ಅಂದರೇ? ಸೋಮವಾರ ಹೇಳುತ್ತೇನೆ ಎಂದು ಫೋನಿಟ್ಟಳು. ಭಾನುವಾರ ಕನ್ನಡಕದವನು ಇರಲಿ ಎಂದರೆ ಶೋರೂಮು ಬೇಡ. ವಾಪಸ್ ಎಂದರೆ ಈ ಕೆಲಸಕ್ಕೊಂದು ನಮಸ್ಕಾರ. ಹಾಗೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಭಾನುವಾರ ಬಾಗಿಲು ತೆರೆದವನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

“ಇರಲಿಯೋ, ವಾಪಸ್ಸೋ?” ಎಂದಳು ಅವಳು, ಚಪ್ಪಲಿ ಬಿಡುವ ಮೊದಲೇ.

“ವಾಪಸ್,” ಎಂದ ಅವನು, ಬಹಳ ಖುಷಿಯಿಂದ. “ಮೂರನೇ ಥರ ಒಂದಿರಬೇಕಲ್ವಾ?”

“ಇಲ್ಲ ಸಾರ್. ನನ್ನ ಹತ್ರ ಇದ್ದಿದ್ದೇ ಇಷ್ಟು.”

ಅವನ ಖುಷಿ ಇಳಿದುಹೋಯಿತು. ಅವಳು ಕೆಲಸಕ್ಕೆ ತೊಡಗಿದಳು. ಸೋಫಾ ಗೋಡೆಗೆ, ಕಪಾಟು ಬಾಗಿಲ ಹಿಂದಕ್ಕೆ, ಕನ್ನಡಿ ಕತ್ತಲಿಗೆ. ಎಲ್ಲ ಕಾಲುಗಳೂ ಬಿಳಿ ಗುರುತಿನ ಮೇಲೆ ಕರಾರುವಾಕ್ಕಾಗಿ ಕೂತವು. ಅವನು ಹಿಂದೆ ಹಿಂದೆ ಸುಳಿದ, “ಟೀ ಕುಡೀತೀರಾ?” ಎಂದು ಎರಡು ಸಲ ಕೇಳಿದ. ಅವಳು ತಲೆಯೆತ್ತಲಿಲ್ಲ. ಎತ್ತಿದರೆ ಕಣ್ಣಲ್ಲಿ ನೀರಿರುವುದು ಕಾಣುತ್ತಿತ್ತು.

ಕೊನೆಗೆ ಮನೆಗೆ ಒಯ್ಯಲೆಂದು ಕಿಟಕಿಯ ಬಳಿಯ ಸ್ಟೂಲನ್ನು ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ಸ್ಟೂಲಿನ ಕಾಲಿದ್ದ ಜಾಗದಲ್ಲಿ ನಾಲ್ಕು ಬಿಳಿ ಸುತ್ತು. ಅವಳು ಹಾಕುವುದು ಮೂಲೆ ಗೆರೆ ಮಾತ್ರ. ಇವು ಪೂರ್ತಿ ದುಂಡಗೆ, ಕನ್ನಡಕದ ಗಾಜಿನ ಹಾಗೆ ಇದ್ದವು.

“ಇದು ಯಾರು ಹಾಕಿದ್ದು?”

“ಹಾಲು ಉಕ್ಕುತ್ತೆ,” ಎಂದು ಚಿಕ್ಕಮ್ಮ ಅಡುಗೆಮನೆಗೆ ಎದ್ದರು. ಒಲೆಯ ಮೇಲೆ ಹಾಲೇ ಇರಲಿಲ್ಲ.

“ನಾನು,” ಎಂದ ಅವನು. “ಮೊದಲನೇ ವಾರಾನೇ ಹಾಕಿದ್ದೆ. ನೀವು ತಗೊಂಡು ಹೋದ್ರೂ ಮತ್ತೆ ಇಲ್ಲಿಗೇ ಬರಲಿ ಅಂತ.”

“ಮತ್ತೆ ವಾಪಸ್ ವಾಪಸ್ ಅಂದಿದ್ದು?”

“ಇರಲಿ ಅಂದಿದ್ರೆ ನೀವು ಗುರುತು ಒರೆಸಿ ಹೊರಟೇಬಿಡ್ತಿದ್ರಿ. ಮುಂದಿನ ಭಾನುವಾರ ಬರೋಕೆ ಕಾರಣಾನೇ ಇರ್ತಿರ್ಲಿಲ್ಲ.”

ಅವಳು ಸ್ಟೂಲನ್ನು ಕುಕ್ಕಿದಳು. “ಹೀಗೂ ಮಾಡ್ತಾರಾ ಸಾರ್? ಒಂದು ವಾರದಿಂದ ನನಗೆ ಕಣ್ಣೇ ಇಲ್ಲ, ಕೈಯೇ ಇಲ್ಲ ಅಂದ್ಕೊಂಡಿದ್ದೀನಿ. ನಿಮ್ಮೊಂದು ಮಾತಿಗೆ ನಾಳೆ ಶೋರೂಮಿಗೆ ಹೂಂ ಅಂದು ಈ ಕೆಲಸಾನೇ ಬಿಡೋಳಿದ್ದೆ. ಬರ್ತಾ ಇರಿ ಅಂತ ಒಂದು ಮಾತು ಅನ್ನೋಕಾಗ್ಲಿಲ್ವಾ?”

ಅವನ ಮುಖ ಬಿಳುಚಿಕೊಂಡಿತು. “ಒಂದು ಗಂಟೆ ಕೂತ್ಕೊಳ್ಳಿ,” ಎಂದಷ್ಟೇ ಹೇಳಿ ಸೋಫಾಕ್ಕೆ ಹೆಗಲು ಕೊಟ್ಟ.

ಒಬ್ಬನೇ ತಳ್ಳಿದ. ಕಪಾಟಿನ ಪುಸ್ತಕವೆಲ್ಲ ಇಳಿಸಿ, ಖಾಲಿ ಕಪಾಟನ್ನು ಇಂಚಿಂಚು ಜರುಗಿಸಿ ಹಾಲಿಗೆ ತಂದು, ಪುಸ್ತಕಗಳನ್ನು ಅವಳು ಜೋಡಿಸಿದ್ದ ಸಾಲಿನಲ್ಲೇ ಜೋಡಿಸಿದ. ಕನ್ನಡಿ ಕಿಟಕಿಯ ಎದುರು ಬಂತು, ಚಿಕ್ಕಮ್ಮನ ಕುರ್ಚಿ ಕಿಟಕಿಯ ಪಕ್ಕಕ್ಕೆ. ಅಂಗಿಯ ಇಸ್ತ್ರಿ ಹೋಗಿ ಬೆನ್ನು ಒದ್ದೆಯಾಯಿತು. ಅವಳು ಸ್ಟೂಲಿನ ಮೇಲೆ ಕೂತು ನೋಡಿದಳು. ಇದು ಮೊದಲ ವಾರ ತಾನು ಮಾಡಿದ ಜೋಡಣೆ. ಅವಳು ಗುರುತು ಹಾಕಿದ್ದು ಸಾಮಾನು ಮೊದಲಿದ್ದ ಜಾಗಕ್ಕೆ ಮಾತ್ರ, ಈ ಜೋಡಣೆಗೆ ನೆಲದ ಮೇಲೆ ಯಾವ ಗುರುತೂ ಇರಲಿಲ್ಲ. ಎಲ್ಲವನ್ನೂ ಅವನು ನೆನಪಿನಿಂದಲೇ ಇಡುತ್ತಿದ್ದ.

ಅವಳು ಎದ್ದು ಟೇಪು ಹಿಡಿದು ಅಳೆದಳು.

“ಸೋಫಾ ಎರಡು ಬೆರಳು ತಪ್ಪಿದೆ,” ಎಂದಳು. “ಉಳಿದಿದ್ದೆಲ್ಲ ಸರಿ ಇದೆ.”

“ಆ ವಾರ ದಿನಾ ಅಂಗಡಿಯಿಂದ ಬಂದು ಇದನ್ನೇ ನೋಡ್ತಾ ಕೂತಿದ್ದೆ,” ಎಂದ ಅವನು ಏದುಸಿರಿನಲ್ಲಿ. “ಇಷ್ಟು ಚೆನ್ನಾಗಿರೋ ಮನೇಲಿ ನಾನಿದ್ದೀನಿ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇದು ಇರಲಿ. ಖಂಡಿತ ಇರಲಿ.”

ಅವಳು ಸೋಫಾವನ್ನು ಎರಡು ಬೆರಳು ಸರಿಸಿದಳು. ಬಟ್ಟೆ ಒದ್ದೆ ಮಾಡಿಕೊಂಡು ಬಂದು ಗೋಡೆಯುದ್ದದ ಗುರುತುಗಳನ್ನು ಒಂದೊಂದಾಗಿ ಒರೆಸಿದಳು. ಉಳಿದದ್ದು ಸ್ಟೂಲಿನ ನಾಲ್ಕು ಸುತ್ತು.

ಅವನು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ. ಈ ಸಲ ಕನ್ನಡಕ ಒರೆಸಲಿಲ್ಲ, ನೇರ ಅವಳ ಮುಖ ನೋಡಿದ.

“ನೀವಂದ್ರೆ ನಂಗೆ ತುಂಬಾ ಇಷ್ಟ. ಮೊದಲನೇ ದಿನಾನೇ ಹೇಳ್ಬೇಕಿತ್ತು,” ಎಂದ. ಆಮೇಲೆ ಸ್ಟೂಲಿನ ಕಡೆ ಕೈ ತೋರಿಸಿದ. “ಇದು... ಇರಲಿಯೋ, ವಾಪಸ್ಸೋ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತುಹೋಯಿತು.

ಅವಳು ಬಾಗಿ, ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಒದ್ದೆ ಬಟ್ಟೆಯಿಂದ ಒಂದು ಸುತ್ತನ್ನು ಒರೆಸಿದಳು. ಇನ್ನೊಂದನ್ನೂ.

“ಅಯ್ಯೋ, ಒರೆಸ್ತಿದ್ದೀರಲ್ಲ!” ಅವನು ಗಾಬರಿಯಿಂದ ಅವಳ ಮಣಿಕಟ್ಟು ಹಿಡಿದ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ಇಷ್ಟು ದಿನ ನೋಡಿದ್ದೀರಿ, ನನ್ನ ನಿಯಮ ಗೊತ್ತಿಲ್ವಾ?” ಎಂದು, ಅವನ ಕೈಯ ಸಮೇತ ಉಳಿದೆರಡು ಸುತ್ತನ್ನೂ ಒರೆಸಿದಳು. “ಇರಲಿ ಅಂತಾದ್ಮೇಲೆ ಗುರುತು ಯಾಕೆ?”