ಪಿಸುಮಣಿ ಹೇಳಿಕೊಟ್ಟ ಕಳ್ಳತನ

“ಮುಖ ಸ್ವಲ್ಪ ಈ ಕಡೆ ತಿರುಗಿಸೋ. ಕಳ್ಳ ಅಂದ್ಮೇಲೆ ಜನಕ್ಕೆ ಕಾಣಿಸ್ಬೇಡ್ವಾ?” ಎಂದರು ಇನ್ಸ್‌ಪೆಕ್ಟರ್.

ಸಾಣೆ ಮಾಮ ಮುಖ ತಿರುಗಿಸಿದ. ಅವನ ಕೈಗೆ ಬೇಡಿ, ಬೇಡಿಗೆ ಹಗ್ಗ, ಹಗ್ಗದ ತುದಿಗೆ ಒಬ್ಬ ದಪ್ಪ ಪೇದೆ. ಎದುರಿಗೆ ಟೀವಿಯವರ ಕ್ಯಾಮೆರಾ. ಅದರ ಹಿಂದೆ ಇಡೀ ಬೀದಿ ಮೊಬೈಲ್ ಎತ್ತಿ ಹಿಡಿದು ನಿಂತಿತ್ತು.

ಮಂಗಳವಾರ ರಾತ್ರಿ ಪಿಸುಮಣಿಯ ಅಮ್ಮನ ಟೈಲರಿಂಗ್ ಅಂಗಡಿಯಿಂದ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಕಳುವಾಗಿತ್ತು. ಅವತ್ತು ಸಂಜೆ ಸಾಣೆ ಮಾಮ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿಕೊಂಡು, ಪೆಡಲ್ ತುಳಿದು ಕಲ್ಲು ತಿರುಗಿಸುತ್ತಾ ಅಮ್ಮನ ಕತ್ತರಿಗಳಿಗೆ ಸಾಣೆ ಹಿಡಿದಿದ್ದ. ಬೀದಿಯವರು ನೋಡಿದ್ದು ಇಷ್ಟೇ. ಪೊಲೀಸರಿಗೆ ಅಷ್ಟೇ ಸಾಕಾಯಿತು. ಎರಡು ದಿನ ಸ್ಟೇಷನ್ನಿನಲ್ಲಿ ಇಟ್ಟುಕೊಂಡ ಮೇಲೆ ಮಾಮ ತಾನೇ ಕದ್ದೆ ಎಂದು ಒಪ್ಪಿಕೊಂಡನಂತೆ. ಮಷಿನ್ ಎಲ್ಲಿ ಎಂದರೆ ಮಾತ್ರ ಗಳಿಗೆಗೊಂದು ಊರಿನ ಹೆಸರು ಹೇಳುತ್ತಿದ್ದನಂತೆ.

ಈಗ ಅವನು ಕದ್ದದ್ದನ್ನು ಎಲ್ಲರೆದುರು ಇನ್ನೊಂದು ಸಲ ಕದ್ದು ತೋರಿಸಬೇಕಿತ್ತು.

“ರಾತ್ರಿ ಆಗಿದೆ ಅಂದ್ಕೊ. ಶುರು ಮಾಡು,” ಎಂದರು ಇನ್ಸ್‌ಪೆಕ್ಟರ್.

ಮಾಮ ನೆತ್ತಿಯ ಮೇಲಿದ್ದ ಸೂರ್ಯನನ್ನು ಒಮ್ಮೆ ನೋಡಿದ. “ಕೈ ಕಟ್ಟಿದೆ ಸಾರ್.”

“ಬಿಚ್ರೀ ಅದನ್ನ. ಕದ್ದಾದ್ಮೇಲೆ ಮತ್ತೆ ಹಾಕಿದ್ರಾಯ್ತು.”

ಬೇಡಿ ಬಿಚ್ಚಿದರು. ಮಾಮ ಮೆಲ್ಲಗೆ ಅಂಗಡಿಯ ಶಟರಿನ ಹತ್ತಿರ ಹೋದ. ಇನ್ಸ್‌ಪೆಕ್ಟರ್ ಕೆಮ್ಮಿದರು. ಮಾಮ ಶಟರ್ ಬಿಟ್ಟು ಪಕ್ಕದ ಕ್ಷೌರದಂಗಡಿಯ ಬಾಗಿಲಿಗೆ ಹೋದ.

“ನಮ್ಮಂಗಡೀಲಿ ಏನೂ ಕಳುವಾಗಿಲ್ಲ ಕಣಪ್ಪ,” ಎಂದ ಕ್ಷೌರದವನು. ಬೀದಿ ಗೊಳ್ಳೆಂದು ನಕ್ಕಿತು.

ಮಾಮ ನಡುಬೀದಿಯಲ್ಲಿ ನಿಂತ. ಕಣ್ಣು ಆಚೆ ಈಚೆ ಓಡುತ್ತಿತ್ತು. ನಾಲಿಗೆ ತುಟಿ ಸವರುತ್ತಿತ್ತು.

ಆ ಮುಖವನ್ನು ಪಿಸುಮಣಿ ಎಲ್ಲೋ ನೋಡಿದ್ದಳು. ಎಲ್ಲಿ? ಶಾಲೆಯ ನಾಟಕದಲ್ಲಿ.

ಪಿಸುಮಣಿ ನಾಲ್ಕು ಜನರೆದುರು ನಿಂತು ಮಾತಾಡಲು ಹೆದರುವ ಹುಡುಗಿ. ಅದಕ್ಕೇ ಟೀಚರ್ ಅವಳ ಕೈಗೆ ನಾಟಕದ ಪುಸ್ತಕ ಕೊಟ್ಟು ಪರದೆಯ ಹಿಂದೆ ನಿಲ್ಲಿಸುತ್ತಿದ್ದರು. ಯಾರಾದರೂ ಮಾತು ಮರೆತರೆ ಅವಳು ಪಿಸುಗುಟ್ಟಬೇಕು. ಹೋದ ವರ್ಷ ರಾಜನ ಪಾರ್ಟಿನವನು ಏಳು ಸಲ ಮರೆತ, ಏಳು ಸಲವೂ ಅವಳೇ ಹೇಳಿಕೊಟ್ಟಳು. ಬೆಸ್ಟ್ ಆ್ಯಕ್ಟರ್ ಕಪ್ ರಾಜನಿಗೆ ಸಿಕ್ಕಿತು. ಅವಳಿಗೆ ಈ ಅಡ್ಡಹೆಸರು ಸಿಕ್ಕಿತು.

ಅಂಗಡಿಯವರೆಂದು ಅಮ್ಮನನ್ನೂ ಅವಳನ್ನೂ ನಡುಬೀದಿಯಲ್ಲೇ ನಿಲ್ಲಿಸಿದ್ದರು. ಮಾಮ ಈಗ ಅವಳಿಗೂ ಇನ್ಸ್‌ಪೆಕ್ಟರಿಗೂ ನಡುವೆ ನಿಂತಿದ್ದ. ಪಾಪ, ಮರೆತುಬಿಟ್ಟಿದ್ದಾನೆ ಎನಿಸಿತು ಅವಳಿಗೆ. ತುಟಿ ತಾನಾಗಿಯೇ ಅಲುಗಿತು.

“ಹಿಂದ್ಗಡೆ ಮಾಮ. ಸಣ್ಣ ಕಿಟಕಿ.”

ಮಾಮನಿಗೆ ಹೋದ ಜೀವ ಬಂದಂತಾಯಿತು. ಸರಸರನೆ ಅಂಗಡಿಯ ಹಿಂಭಾಗಕ್ಕೆ ನಡೆದ. ಇಡೀ ಬೀದಿ ಅವನ ಹಿಂದೆ ಓಡಿತು.

ಸರಳು ಕಿತ್ತ ಕಿಟಕಿಯಲ್ಲಿ ಮಾಮನ ತಲೆ ತೂರಿತು. ಹೆಗಲು ತೂರಿತು. ಹೊಟ್ಟೆ ತೂರಲಿಲ್ಲ.

“ಅವತ್ತು ಹೆಂಗೋ ತೂರ್ದೆ?”

“ಗೊತ್ತಿಲ್ಲ ಸಾರ್,” ಎಂದಿತು ಒಳಗಿನಿಂದ ಮಾಮನ ದನಿ.

“ಅವತ್ತು ಊಟ ಮಾಡಿರ್ಲಿಲ್ಲ ಅನ್ಸುತ್ತೆ ಸಾರ್,” ಎಂದ ದಪ್ಪ ಪೇದೆ.

ಕೊನೆಗೆ ಇಬ್ಬರು ಪೊಲೀಸರು ಕಳ್ಳನ ಒಂದೊಂದು ಕಾಲು ಹಿಡಿದು ಒಳಕ್ಕೆ ತಳ್ಳಿದರು.

“ಸಾರ್, ತಳ್ಳೋ ಕೈ ಫ್ರೇಮಲ್ಲಿ ಬಂತು,” ಎಂದ ಕ್ಯಾಮೆರಾದವನು.

ಮತ್ತೆ ಹೊರಗೆಳೆದು, ಕೈ ಕಾಣಿಸದ ಹಾಗೆ ಮತ್ತೆ ತಳ್ಳಿದರು. ಮಾಮನ ಅಂಗಿ ಹರಿಯಿತು.

ಆಮೇಲೆ ಶಟರ್ ತೆಗೆದು ಎಲ್ಲರೂ ಒಳಗೆ ಬಂದರು. ಮಾಮ ಇಸ್ತ್ರಿಪೆಟ್ಟಿಗೆಯ ಮೇಲೆ ಕೈ ಇಟ್ಟ. ಇನ್ಸ್‌ಪೆಕ್ಟರ್ ಕೆಮ್ಮಿದರು. ಮಾಮನ ಕಣ್ಣು ಪಿಸುಮಣಿಯನ್ನು ಹುಡುಕಿತು.

“ಬಲಗಡೆ ಮೇಜು,” ಎಂದಳು ಅವಳು, ತುಟಿಯಲ್ಲೇ.

ಬಲಗಡೆಯ ಮೇಜಿನ ಹತ್ತಿರ ಹೋದವನ ಕೈಗೆ ಮಷಿನ್ ಬದಲು ಒಂದು ರಟ್ಟಿನ ಡಬ್ಬ ಕೊಟ್ಟರು. “ಮುಖದಲ್ಲಿ ಭಾರ ಕಾಣ್ಲಿ,” ಎಂದರು ಇನ್ಸ್‌ಪೆಕ್ಟರ್. ಮಾಮ ಖಾಲಿ ಡಬ್ಬ ಹೊತ್ತು ತಿಣುಕಿದ. ಜನ ಚಪ್ಪಾಳೆ ತಟ್ಟಿದರು. ಪಿಸುಮಣಿಯೂ ತಟ್ಟಿದಳು.

ಇನ್ಸ್‌ಪೆಕ್ಟರ್ ತಲೆ ಬಾಚಿಕೊಂಡು ಕ್ಯಾಮೆರಾದ ಮುಂದೆ ನಿಂತರು. “ನಾವು ಒಂದು ಮಾತೂ ಹೇಳ್ಕೊಟ್ಟಿಲ್ಲ. ಕಿಟಕಿ, ಮೇಜು, ಎಲ್ಲಾ ಅವನೇ ತೋರಿಸಿದ. ಕದ್ದವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಹೇಳಿ?”

ಸಂಜೆ ಟೀವಿಯಲ್ಲಿ ಅದನ್ನೇ ಹನ್ನೊಂದು ಸಲ ತೋರಿಸಿದರು.

“ಇಷ್ಟು ವರ್ಷ ಆ ಮನುಷ್ಯನಿಗೆ ಟೀ ಮಾಡ್ಕೊಟ್ಟಿದ್ದೀನಿ,” ಎಂದಳು ಅಮ್ಮ, ತಟ್ಟೆಗೆ ಬಡಿಸುತ್ತಾ. “ಬಾರಪ್ಪ ಒಳಗೆ ಅಂದ್ರೆ, ಕಾಲೆಲ್ಲ ಧೂಳು ಅಕ್ಕ ಅಂತ ಮೆಟ್ಲ ಮೇಲೇ ಕೂತ್ಕೋತಿದ್ದ. ಒಂದಿನಾನೂ ಒಳಗೆ ಕಾಲಿಟ್ಟವನಲ್ಲ. ಆದ್ರೂ ನೋಡು, ಯಾವ ಮೇಜು ಅಂತ ಕರೆಕ್ಟಾಗಿ ಗೊತ್ತು. ಸೋಮವಾರ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಹೋಗ್ಲಿ, ನಾಲ್ಕು ವರ್ಷ ಒಳಗಿರ್ಲಿ.”

ಪಿಸುಮಣಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

“ಅಮ್ಮಾ, ಅದನ್ನ ನಾನೇ ಹೇಳ್ಕೊಟ್ಟಿದ್ದು.”

“ಏನನ್ನ?”

“ಕಿಟಕೀನ. ಮೇಜನ್ನೂ.”

ಸೌಟು ಗಾಳಿಯಲ್ಲೇ ನಿಂತಿತು. “ನಿಂಗೇನು ಬಂತೇ ದೊಡ್ಡ ರೋಗ?”

“ಮಾಮಂಗೆ ಮರೆತುಹೋಗಿದೆ ಅಂದ್ಕೊಂಡೆ.” ಅವಳು ತುತ್ತನ್ನು ತಟ್ಟೆಗೆ ವಾಪಸ್ ಇಟ್ಟಳು. “ಮರೆತಿರ್ಲಿಲ್ಲ ಅಮ್ಮ. ಅವ್ರಿಗೆ ಗೊತ್ತೇ ಇರ್ಲಿಲ್ಲ.”

ಅಮ್ಮ ಸೌಟು ಕೆಳಗಿಟ್ಟಳು. ಬಯ್ಯುತ್ತಾಳೆ ಎಂದುಕೊಂಡರೆ ಬಯ್ಯಲಿಲ್ಲ. ಎದ್ದುಹೋಗಿ ಟೀವಿ ಆರಿಸಿದಳು. ಮತ್ತೆ ಬಂದು ಊಟಕ್ಕೂ ಕೂರಲಿಲ್ಲ.

ಬೆಳಗ್ಗೆ ಇಬ್ಬರೂ ಸ್ಟೇಷನ್ನಿಗೆ ಹೋದಾಗ ಇನ್ಸ್‌ಪೆಕ್ಟರ್ ಮೊಬೈಲಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಪಕ್ಕದ ಮೇಜಿನಲ್ಲಿ ದಪ್ಪ ಪೇದೆ ಏನೋ ಬರೆಯುತ್ತಿದ್ದ.

“ಹೇಳೇ,” ಎಂದಳು ಅಮ್ಮ.

ಪಿಸುಮಣಿ ಮೇಜಿನ ಅಂಚು ಹಿಡಿದುಕೊಂಡಳು. ಹೇಳಿದಳು. ಕಿಟಕಿ ಹೇಳಿದಳು, ಮೇಜು ಹೇಳಿದಳು.

ಇನ್ಸ್‌ಪೆಕ್ಟರ್ ನಕ್ಕರು. “ಕಳ್ಳನಿಗೆ ಟ್ಯೂಷನ್ ಟೀಚರ್ ಬೇರೆ. ಹೋಗು ಮರಿ, ಸ್ಕೂಲಿಗೆ ಲೇಟಾಗುತ್ತೆ.”

“ಇನ್ನೊಂದ್ಸಲ ಮಾಡ್ಸಿ ಸಾರ್,” ಎಂದಳು ಪಿಸುಮಣಿ. “ಈ ಸಲ ನಾನು ಬಾಯಿ ಬಿಡಲ್ಲ.”

ಪೇದೆಯ ಪೆನ್ನು ನಿಂತಿತು.

“ಟೀವೀಲಿ ಬಂದಾಯ್ತು, ಊರೆಲ್ಲ ನೋಡಾಯ್ತು. ಇನ್ನೇನು ಇನ್ನೊಂದ್ಸಲ?” ಎಂದರು ಇನ್ಸ್‌ಪೆಕ್ಟರ್.

ತಾನು ಹೇಳಿದ ಕೂಡಲೇ ಅವರು ಅಯ್ಯೋ ಹೌದಾ ಎಂದು ಕುರ್ಚಿಯಿಂದ ಎದ್ದುಬಿಡುತ್ತಾರೆ ಎಂದು ಪಿಸುಮಣಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅವರು ಏಳಲಿಲ್ಲ. ಹುಬ್ಬು ಕೂಡ ಮೇಲೇರಲಿಲ್ಲ. ಅವಳು ಆ ಮುಖವನ್ನೇ ನೋಡಿದಳು. ನಿನ್ನೆ ಮಾಮನ ಬಲಕ್ಕೆ ತಾನಿದ್ದರೆ, ಎಡಕ್ಕೆ ಇವರೇ ಇದ್ದರು. ಮಾಮನಿಗೆ ಕೇಳಿಸಿದ್ದು ಇವರಿಗೆ ಕೇಳಿಸದೆ ಇರುತ್ತದೆಯೇ?

ಅಮ್ಮ ಬೆಂಚಿನ ಮೇಲೆ ಕುಳಿತು ಸೆರಗು ಸರಿ ಮಾಡಿಕೊಂಡಳು. “ಮಷಿನ್ ನಂದು, ಕಂಪ್ಲೇಂಟೂ ನಂದು. ಇವಳು ಹೇಳಿದ್ದು ಬರ್ಕೊಳ್ಳಿ ಸಾರ್. ಅಂಗಡಿಗೆ ಇವತ್ತು ರಜೆ. ಸಾಯಂಕಾಲದವರೆಗೂ ಕೂತಿರ್ತೀನಿ.”

ಇನ್ಸ್‌ಪೆಕ್ಟರ್ ಕಿಟಕಿಯ ಆಚೆ ನೋಡಿದರು. ಗೋಡೆಯ ಗಡಿಯಾರ ನೋಡಿದರು. ಕೊನೆಗೆ ಪೇದೆಯತ್ತ ಗದ್ದ ಎತ್ತಿದರು. ಅವನು ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದ.

ಪಿಸುಮಣಿ ಮತ್ತೆ ಇನ್ಸ್‌ಪೆಕ್ಟರ್ ಕಡೆ ನೋಡಲಿಲ್ಲ. ಪೇದೆಯ ಮೇಜಿನ ಹತ್ತಿರ ಹೋಗಿ, ಅವನ ಪೆನ್ನಿನ ತುದಿಯ ಮೇಲೆ ಕಣ್ಣಿಟ್ಟು ನಿಂತಳು.

“ಮೊದಲು ಕಿಟಕಿ ಬರ್ಕೊಳ್ಳಿ ಅಂಕಲ್,” ಎಂದಳು.