ತಂತಿಯ ಇನ್ನೊಂದು ತುದಿ

ನನ್ನ ಕಾಲರ್ ಅವನ ಮುಷ್ಟಿಯಲ್ಲಿತ್ತು. ನನ್ನ ಎರಡು ಬೆರಳು ಅವನ ಅಪ್ಪನ ಕತ್ತಿನ ಮೇಲಿದ್ದವು.

“ಜೀವ ಐತೋ ಇಲ್ಲೋ? ಒಂದಾ ಮಾತು ಹೇಳು.”

ಕತ್ತಿನಲ್ಲಿ ನಾಡಿ ಇರಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟೆ... ಪಾಪೆ ಕುಗ್ಗಲಿಲ್ಲ. ಮನುಷ್ಯ ಹೋಗಿ ಆಗಿತ್ತು.

ಸುತ್ತ ಜನ. ಮೆಣಸಿನಕಾಯಿ ಹೊಲದಿಂದ ಎದ್ದು ಬಂದವರು, ಬಸ್ಸಿಗೆ ನಿಂತಿದ್ದವರು. ಅವರ ಹಿಂದೆ ಭತ್ತದ ಲಾರಿ. ಲಾರಿಯ ಚಕ್ರದ ಬುಡದಲ್ಲಿ ಅದರ ಡ್ರೈವರ್ ಬಿದ್ದಿದ್ದ. ಅವನನ್ನು ಹೊಡೆಯುತ್ತಿದ್ದವರು ಅರ್ಧಕ್ಕೆ ಕೈ ನಿಲ್ಲಿಸಿದ್ದರು.

ಯಾಕೆ ನಿಲ್ಲಿಸಿದ್ದರು ಗೊತ್ತೇ? ನನ್ನ ಉತ್ತರಕ್ಕೆ!

ಜೀವ ಇದೆ ಅಂದರೆ ಡ್ರೈವರ್ ಬದುಕಬಹುದು. ಇಲ್ಲ ಅಂದರೆ ಉಳಿದರ್ಧವನ್ನೂ ಮುಗಿಸುತ್ತಾರೆ.

“ಐತಿ,” ಅಂದೆ.

ಕಾಲರ್ ಸಡಿಲವಾಯಿತು.

ಪೂರ್ತಿ ಸುಳ್ಳು ಅನ್ನಬೇಡಿ. ಸತ್ತಿದ್ದಾನೆ ಎಂದು ಹೇಳುವ ಅಧಿಕಾರ ನನಗಿಲ್ಲ. ಅದು ಡಾಕ್ಟರದ್ದು. ಅವರು ಹೇಳುವವರೆಗೆ ನಮ್ಮ ಗಾಡಿಯಲ್ಲಿ ಯಾರೂ ಸಾಯುವುದಿಲ್ಲ.

ನಾನು ಸುಶಮೀಂದ್ರ. ಬಳ್ಳಾರಿಯ ಸತ್ಯನಾರಾಯಣಪೇಟೆಯವನು. ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂರುವವನು. ಡ್ಯೂಟಿ ಮುಗಿಸಿ ಮನೆಗೆ ಹೋದರೆ ಹಿತ್ತಿಲಲ್ಲಿ ತಲೆಗೆ ನೀರು ಬೀಳದೆ ನಮ್ಮಮ್ಮ ಒಳಗೆ ಬಿಡುವುದಿಲ್ಲ. ಮೊದಮೊದಲು ಅದಕ್ಕೆ ಬೇಜಾರಾಗುತ್ತಿತ್ತು. ಈಗ ಯಾವುದಕ್ಕೂ ಆಗುವುದಿಲ್ಲ.

ಗಾಡಿ ಓಡಿಸುವವನನ್ನು ನಮ್ಮಲ್ಲಿ ಪೈಲಟ್ ಅನ್ನುತ್ತಾರೆ. ನನ್ನ ಪೈಲಟ್ ಚನ್ನಬಸವರಾಜ. ಕುರುಗೋಡಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದೆವು, ಕಾಲ್ ಬಂತು. ಬಳ್ಳಾರಿ ರಸ್ತೆಯಲ್ಲಿ ಲಾರಿ ಗುದ್ದಿದೆ, ಒಬ್ಬನಿಗೆ ಪೆಟ್ಟು. ಫೋನ್ ಮಾಡಿದವರು ಎರಡನೆಯವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚನ್ನ ಸ್ಟ್ರೆಚರ್ ಎಳೆಯುತ್ತಾ ನನ್ನ ಕಿವಿಯ ಹತ್ತಿರ ಬಂದ.

“ಆಚಾರ್ರೇ, ಇದು ತಣ್ಣಗಾಗೈತಿ.”

“ಗೊತ್ತು. ಎತ್ತು.”

ಎತ್ತಿದೆವು. ಆಮೇಲೆ ನಾನು ಪೆಟ್ಟಾದವರನ್ನು ಮಲಗಿಸಿ ಎತ್ತುವ ಹಲಗೆ ಹಿಡಿದುಕೊಂಡು ಲಾರಿ ಕಡೆ ನಡೆದೆ. ಜನ ಅಡ್ಡ ಬಂದರು. ಕಾಲರ್ ಹಿಡಿದಿದ್ದವನೇ ಎಲ್ಲರಿಗಿಂತ ಮುಂದೆ. ಅವನ ಹೆಸರು ಯರ್ರಿಸ್ವಾಮಿ ಎಂದು ಯಾರೋ ಕೂಗಿದಾಗ ಗೊತ್ತಾಯಿತು. ಅವನ ಬೆರಳ ಗೆಣ್ಣುಗಳು ಒಡೆದು ರಕ್ತ ಬರುತ್ತಿತ್ತು. ಆ ರಕ್ತದಲ್ಲಿ ಅವನದೆಷ್ಟು, ಡ್ರೈವರನದೆಷ್ಟು... ಹೇಳುವುದು ಕಷ್ಟ.

ಎರಡನೇ ಸುಳ್ಳು ಹೇಳಿದೆ. ಒಂದೇ ಆಕ್ಸಿಡೆಂಟ್, ಇಬ್ಬರನ್ನೂ ಒಟ್ಟಿಗೇ ತರಬೇಕು. ಒಬ್ಬನನ್ನು ಬಿಟ್ಟು ಹೋದರೆ ಆಸ್ಪತ್ರೆಯಲ್ಲಿ ಮೊದಲು ಪೊಲೀಸರು ಬರುತ್ತಾರೆ, ನಿಮ್ಮಪ್ಪನ ಟ್ರೀಟ್‌ಮೆಂಟ್ ಆಮೇಲೆ. ಅಂಥ ಕಾನೂನು ಎಲ್ಲಿಯೂ ಇಲ್ಲ. ಆದರೆ ನಮ್ಮ ಜನಕ್ಕೆ ಆಸ್ಪತ್ರೆಯ ಯಾವ ಕಾನೂನು ಹೇಳಿದರೂ ಇರಬಹುದು ಅನ್ನಿಸುತ್ತದೆ.

ಯರ್ರಿಸ್ವಾಮಿ ಯೋಚಿಸಿದ. ಪಕ್ಕಕ್ಕೆ ಸರಿದ.

“ಹಾಕ್ಕೋ. ನಮ್ಮಪ್ಪಗ ಏನಾರ ಆತಂದ್ರ ನಿನ್ನ ಗಾಡ್ಯಾಗಾ ಇವನ್ನ ಮುಗಸ್ತೀನಿ.”

ಬಾಗಿಲು ಮುಚ್ಚಿತು. ಸೈರನ್ ಹತ್ತಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಬೈಕುಗಳು ಬೆನ್ನು ಹತ್ತಿದ್ದವು.

ಸ್ಟ್ರೆಚರ್ ಮೇಲೆ ಅಪ್ಪ. ಬೆಂಚಿನ ಮೇಲೆ ಮಗ. ನಡುವೆ ನೆಲದ ಮೇಲೆ, ಹಲಗೆಯಲ್ಲಿ, ಡ್ರೈವರ್. ಕಾಲಿಡಲು ಜಾಗವಿಲ್ಲ ಎಂದು ಯರ್ರಿಸ್ವಾಮಿ ತನ್ನ ಕಾಲನ್ನು ಡ್ರೈವರನ ಎದೆಯ ಮೇಲೇ ಇಟ್ಟ. ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟೆ. ಅವನ ಕಣ್ಣು ಮಾನಿಟರ್ ಮೇಲಿತ್ತು.

ಅಪ್ಪನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದೆ. ಎದೆಯವರೆಗೆ ಹೊದಿಕೆ ಎಳೆದೆ. ಗಾಡಿ ಅಲುಗಾಡಿದರೆ ಎದೆಯೂ ಅಲುಗಾಡುತ್ತದೆ. ಕೆಟ್ಟ ರಸ್ತೆಯ ಉಪಕಾರ ಅದೊಂದೇ.

ಮಾನಿಟರ್ ಖಾಲಿಯಾಗಿತ್ತು. ನಂಬರ್ ಯಾಕೆ ಬರುತ್ತಿಲ್ಲ ಎಂದು ಕೇಳಿದ. ಮೊಬೈಲ್‌ನಲ್ಲಿ ಎಲ್ಲ ನೋಡಿರುತ್ತಾರೆ. ಕೊರೋನಾ ಬಂದು ಹೋದ ಮೇಲಂತೂ ಬೆರಳಿಗೆ ಹಾಕುವ ಕ್ಲಿಪ್ ಏನು, ಆಕ್ಸಿಜನ್ ತೊಂಬತ್ತಕ್ಕಿಂತ ಕೆಳಗಿಳಿದರೆ ಏನು... ಹೊಲದಲ್ಲಿ ಕೆಲಸ ಮಾಡುವವನಿಗೂ ಗೊತ್ತು.

ಕ್ಲಿಪ್ ತೆಗೆದೆ. ಹೊದಿಕೆಯ ಕೆಳಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿಸಿದೆ.

ಯಾರ ಬೆರಳಿಗೆ ಎಂದು ಹೇಳಲಿಲ್ಲ.

ಸ್ಟ್ರೆಚರ್ ಅಂಚಿನಿಂದ ಹೊದಿಕೆ ಜೋತುಬಿದ್ದಿತ್ತು. ತಂತಿ ಅದರ ಮರೆಯಲ್ಲಿ ನೆಲಕ್ಕಿಳಿದಿತ್ತು. ಡ್ರೈವರನ ಕೈ ಅಲ್ಲೇ ಇತ್ತು.

ತೊಂಬತ್ತೆರಡು.

ಯರ್ರಿಸ್ವಾಮಿ ಉಸಿರು ಬಿಟ್ಟ. ಆಮೇಲೆ ಅವನು ಅಪ್ಪನ ಮುಖವನ್ನು ನೋಡಲೇ ಇಲ್ಲ. ನಂಬರನ್ನೇ ನೋಡಿದ. ಎಲ್ಲರೂ ಹಾಗೆಯೇ. ಮುಖ ನೋಡಲು ಭಯ, ನಂಬರಿಗೆ ಭಯವಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಮಗ ಶಾಂತವಾಗಿದ್ದರೆ ಬೈಕಿನವರು ಶಾಂತ. ಬಳ್ಳಾರಿ ಮುಟ್ಟಿದರೆ ಡ್ರೈವರ್ ಉಳಿದ. ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎಂಬತ್ತೊಂಬತ್ತು.

ಡ್ರೈವರನ ಪಕ್ಕೆಲುಬು ಮುರಿದಿತ್ತು. ಒಂದು ಕಡೆಯ ಎದೆ ಏಳುತ್ತಿರಲಿಲ್ಲ. ಅವನಿಗೆ ಆಕ್ಸಿಜನ್ ಬೇಕು. ಚಿಕ್ಕ ಸಿಲಿಂಡರ್ ಬೆಳಗ್ಗೆ ಕೊಳಗಲ್ಲಿನ ಕೇಸಿಗೆ ಖಾಲಿಯಾಗಿತ್ತು. ದೊಡ್ಡದರ ಪೈಪು ಸತ್ತವನ ಮೂಗಿಗೆ ಗಾಳಿ ಊದುತ್ತಿತ್ತು.

ಎಂಬತ್ತಾರು... ಎಂಬತ್ತನಾಲ್ಕು.

ಯರ್ರಿಸ್ವಾಮಿ ಮಾನಿಟರ್ ಹತ್ತಿರ ಮುಖ ತಂದ. ಅದರ ಜೊತೆಗೇ ಮಾತಾಡಿದ.

“ಯಪ್ಪಾ, ಇಳೀಬ್ಯಾಡ. ಬಳ್ಳಾರಿ ಬಂತು. ಇಳೀಬ್ಯಾಡ.”

ತಾನೇ ಬಡಿದು ಕೆಡವಿದವನ ಉಸಿರಿಗೆ ಕೈ ಮುಗಿಯುತ್ತಿದ್ದ. ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಸಿಲಿಂಡರಿನ ಮುಳ್ಳು ನೋಡಿದೆ, ಗಾಳಿ ಸಾಕಷ್ಟಿತ್ತು.

“ಅಣ್ಣಾ, ಏನಾರ ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಉಳಸ್ರಿ.”

ಎಂಬತ್ತು.

ಮಾಡಿದೆ. ಅಪ್ಪನ ಮುಖದಿಂದ ಮಾಸ್ಕ್ ಕಿತ್ತೆ. ನೆಲಕ್ಕೆ ಬಗ್ಗಿ ಡ್ರೈವರನ ಮುಖಕ್ಕೆ ಹಾಕಿದೆ. ಗಾಳಿ ಪೂರ್ತಿ ತಿರುಗಿಸಿದೆ.

ಯರ್ರಿಸ್ವಾಮಿಯ ಮೊಣಕಾಲು ನನ್ನ ಬೆನ್ನಿಗೆ ಬಿತ್ತು. ಕೈ ಗಂಟಲಿಗೆ ಬಂತು. ಹೆಬ್ಬೆರಳು ಎಲ್ಲಿ ಒತ್ತಬೇಕೋ ಅಲ್ಲಿಯೇ ಒತ್ತಿತು. ಕಣ್ಣು ಕತ್ತಲಾಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಮಾಸ್ಕ್ ಹಿಡಿದಿದ್ದ ಕೈ ಬಿಡುವಂತಿರಲಿಲ್ಲ.

“ನಂಬರ್ ನೋಡು,” ಅಂದೆ. ಧ್ವನಿ ಅರ್ಧ ಬಂತು.

ಎಂಬತ್ತೆರಡು. ಎಂಬತ್ತಾರು. ತೊಂಬತ್ತು.

ಗಂಟಲ ಮೇಲಿನ ಕೈ ನಿಂತಿತು.

ಅಪ್ಪನ ಬಾಯಿ ತೆರೆದಿತ್ತು. ಮಾಸ್ಕ್ ಇರಲಿಲ್ಲ. ನಂಬರ್ ಏರುತ್ತಿತ್ತು. ಯರ್ರಿಸ್ವಾಮಿ ಮಾನಿಟರಿನ ಹಿಂದಿನ ತಂತಿಯನ್ನು ಹಿಡಿದ. ದಾರ ಹಿಡಿದು ಗಂಟು ಹುಡುಕುವವನ ಹಾಗೆ ಮೆಲ್ಲಗೆ ಅದರ ಗುಂಟ ಬಂದ. ಹೊದಿಕೆಯ ಅಂಚು. ಸ್ಟ್ರೆಚರಿನ ಕಾಲು. ನೆಲ. ಡ್ರೈವರನ ಬೆರಳು.

ಅಲ್ಲಿ ಅವನ ಕೈ ನಿಂತಿತು.

“ನಮ್ಮಪ್ಪ?”

“ನಾವು ಬರೂದ್ರಾಗ ಹೋಗಿದ್ರು.”

ಅಷ್ಟರಲ್ಲಿ ಚನ್ನ ಬ್ರೇಕ್ ಒತ್ತಿದ. ನನ್ನ ತಲೆ ಸಿಲಿಂಡರಿಗೆ ಬಡಿಯಿತು. ಬೈಕಿನವರು ಮುಂದೆ ಬಂದು ರಸ್ತೆಗೆ ಅಡ್ಡ ನಿಂತಿದ್ದರು. ಒಳಗಿನ ಜಗ್ಗಾಟ ಹಿಂದಿನ ಗಾಜಿನಲ್ಲಿ ಕಂಡಿರಬೇಕು.

ಹೊರಗೆ ಚನ್ನನ ಬೈಗುಳ. ಯಾರೋ ಅವನ ಬಾಯಿ ಮುಚ್ಚಿಸಿದರು. ಬಾಗಿಲು ದಡಬಡ ಬಡಿಯಿತು. ತೆರೆಯಿತು. ಬಿಸಿಲು, ಧೂಳು, ಕೈಯಲ್ಲಿ ಕಲ್ಲು ಹಿಡಿದ ಒಬ್ಬ.

“ಯರ್ರಿ, ಗಾದಿಲಿಂಗಣ್ಣ ಹೆಂಗದಾನ?”

ಸತ್ತವನ ಹೆಸರು ನನಗೆ ಆಗ ಗೊತ್ತಾಯಿತು.

ಯರ್ರಿಸ್ವಾಮಿಯ ಕೈ ಇನ್ನೂ ಡ್ರೈವರನ ಮಣಿಕಟ್ಟಿನ ಮೇಲಿತ್ತು. ಒಂದು ಮಾತು ಸಾಕಿತ್ತು. ಡ್ರೈವರ್ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದ. ಬೇಡಿಕೊಳ್ಳಲು ಉಸಿರಿರಲಿಲ್ಲ. ನಾನು ಕತ್ತರಿಗೆ ಕೈ ಹಾಕಿದ್ದೆ. ಬ್ಯಾಂಡೇಜ್ ಕತ್ತರಿಸುವ ಮೊಂಡು ಕತ್ತರಿ. ಅದರಿಂದ ಅಷ್ಟು ಜನರನ್ನು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು.

ಯರ್ರಿಸ್ವಾಮಿ ಮಾನಿಟರ್ ನೋಡಿದ.

“ಅದಾನ. ತೊಂಬತ್ತಮೂರು ಐತಿ.”

“ಮತ್ತ ಮಾಸ್ಕ್ ಯಾಕ ಇವಗ ಹಾಕ್ಯಾರ?”

“ಅಪ್ಪಗ ಸಾಕಂತ. ದಾರಿ ಬಿಡ್ರಲೇ, ಹೊತ್ತಾಗಾಕತ್ತೈತಿ.”

ಬಾಗಿಲು ಮುಚ್ಚಿದರು. ಗಾಡಿ ಹೊರಟಿತು. ಕತ್ತರಿ ವಾಪಸ್ ಜೇಬಿಗಿಟ್ಟೆ.

ಯಾಕೆ ಹಾಗೆ ಹೇಳಿದ ಎಂದು ನಾನು ಕೇಳಲಿಲ್ಲ. ಅವನು ತನ್ನ ಮುಂಡಾಸು ಬಿಚ್ಚಿ ಅಪ್ಪನ ಗಲ್ಲಕ್ಕೂ ತಲೆಗೂ ಸೇರಿಸಿ ಕಟ್ಟಿದ, ಬಾಯಿ ಮುಚ್ಚಿಕೊಳ್ಳಲಿ ಎಂದು. ಆಮೇಲೆ ಕೆಳಗೆ ನೋಡಿ ಯಾವೂರು ಎಂದು ಕೇಳಿದ. ಡ್ರೈವರ್ ಮಾಸ್ಕ್ ಒಳಗಿಂದ ಪ್ರಭುಲಿಂಗ ಅಂದ, ದೇಶನೂರು ಅಂದ. ಯರ್ರಿಸ್ವಾಮಿ ತಲೆಯಾಡಿಸಿದ. ಮತ್ತೆ ನಂಬರನ್ನೇ ನೋಡುತ್ತಾ ಕೂತ. ಅದು ಒಂದು ಇಳಿದರೂ ನನ್ನ ಭುಜ ತಟ್ಟುತ್ತಿದ್ದ.

ಬಳ್ಳಾರಿಯ ದೊಡ್ಡಾಸ್ಪತ್ರೆ. ಪ್ರಭುಲಿಂಗನನ್ನು ಒಳಗೆ ಒಯ್ದರು. ಎದೆಗೆ ಟ್ಯೂಬ್ ಹಾಕಿದರು. ಉಳಿಯುತ್ತಾನೆ ಅಂದರು. ಡಾಕ್ಟರಮ್ಮ ಗಾದಿಲಿಂಗಣ್ಣನ ಕಣ್ಣಿಗೆ ಟಾರ್ಚ್ ಬಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಬರೆಯುವುದನ್ನು ಬರೆದರು. ಗೇಟಿನಲ್ಲಿ ಪೊಲೀಸರಿದ್ದರು, ಬೈಕಿನವರು ಒಳಗೆ ಬರಲಿಲ್ಲ.

ಚನ್ನ ಗಾಡಿಯ ನೆಲ ತೊಳೆಯುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ತಣ್ಣಗಾದ ಬುತ್ತಿ ತಿನ್ನುತ್ತಿದ್ದೆ. ಯರ್ರಿಸ್ವಾಮಿ ಬಂದು ನಿಂತ. ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಅಪ್ಪನನ್ನು ಊರಿಗೆ ಬಿಟ್ಟು ಬರುತ್ತೀರಾ ಎಂದು ಕೇಳಿದ.

“ಆಗಲ್ಲಪ. ನಮ್ಮ ಗಾಡ್ಯಾಗ ಹೆಣ ಹಾಕಂಗಿಲ್ಲ. ಬ್ಯಾರೆ ಗಾಡಿ ನೋಡಬೇಕು.”

ಅವನು ತೊಳೆದ ಗಾಡಿಯನ್ನು ನೋಡಿದ. ನನ್ನನ್ನು ನೋಡಿದ.

“ಬರೂ ಮುಂದ ಹಾಕ್ಕೊಂಡು ಬಂದ್ರಲ್ಲ?”

ತುತ್ತು ನುಂಗಿದೆ.

“ಬರೂ ಮುಂದ ಜೀವ ಇತ್ತು. ನೀನಾ ಹೇಳಿದೆಲ್ಲ... ತೊಂಬತ್ತಮೂರು ಐತಂತ.”